ಸೂಜಿ ಅತ್ತೆ ಮಹಡಿ ಹತ್ತುವ ಬಗೆ

ನಮ್ಮ ಸೂಜಿ ಅತ್ತೆ ಮೆಟ್ಟಿಲು ಹತ್ತುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಬೆಳಿಗ್ಗೆ ಹೋದರೆ ಕೆಳಗೆ ಅಡುಗೆಮನೆಯಲ್ಲಿ ಇರುತ್ತಿದ್ದಳು, ಆಮೇಲೆ ಹೋದರೆ ಮೇಲೆ ಹೊಲಿಗೆ ಕೋಣೆಯಲ್ಲಿ ಕತ್ತರಿ ಹಿಡಿದು ನಿಂತಿರುತ್ತಿದ್ದಳು. ನಡುವೆ ಏನಾಯಿತು ಅನ್ನುವುದು ದೇವರಿಗೇ ಗೊತ್ತು. ಮೊಣಕಾಲುಗಳೆರಡೂ ಬಾತುಕೊಂಡು, ಸಪಾಟು ನೆಲದ ಮೇಲೇ ಗೋಡೆ ಮುಟ್ಟಿ ಮುಟ್ಟಿ ನಡೆಯುವ ಹೆಂಗಸು ಅವಳು. ಅಂಥವಳು ಆ ಕಡಿದಾದ ಮೆಟ್ಟಿಲನ್ನು ಹೇಗೆ ಹತ್ತುತ್ತಾಳೆ? ಜೊತೆಗೆ ಹತ್ತೋಣ ಅಂದರೆ, "ನೀನು ಮುಂದೆ ನಡಿಯೇ, ಒಲೆ ಆರಿಸಿ ಬರ್ತೀನಿ" ಅನ್ನುವಳು. ಹಿಂದೆಯೇ ನಿಂತುಕೊಂಡರೆ, "ಮೂಲೆ ಅಂಗಡಿಯಿಂದ ಒಂದು ಉಂಡೆ ಕಪ್ಪು ದಾರ ತಂದುಬಿಡು" ಅಂತ ಅಟ್ಟುವಳು. ಅವಳ ಮನೆಯಲ್ಲಿ ಆಗಲೇ ಒಂದು ಡಬ್ಬಿ ತುಂಬ ಕಪ್ಪು ದಾರ ಕೂಡಿಬಿದ್ದಿತ್ತು.

ನನಗೋ, ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಮೇಲಾಗಿ ಇದು ನನ್ನ ಉದ್ಯೋಗದ ವಿಷಯ. ಮೆಟ್ಟಿಲು ಹತ್ತಲಾರದವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ಊರುಗೋಲು, ವಾಕರ್, ಗೋಡೆಗೆ ಹಾಕುವ ಹಿಡಿಕೆ, ಕಂಬಿಯ ಮೇಲೆ ಜಾರುತ್ತ ಮಹಡಿಗೆ ಹೋಗುವ ಕರೆಂಟು ಕುರ್ಚಿ, ಎಲ್ಲವೂ ಉಂಟು. ಬಂದವರನ್ನು ಕೂರಿಸಿ ಯಾವ ಕಾಲು ನೋವು, ಮೆಟ್ಟಿಲು ಎಷ್ಟು ಅಗಲ, ಗೋಡೆ ಯಾವ ಕಡೆ ಅಂತ ವಿಚಾರಿಸಿ, ಅವರಿಗೆ ಒಪ್ಪುವುದನ್ನು ಆರಿಸಿ ಕೊಡುತ್ತೇನೆ. ಊರವರೆಲ್ಲ ನನ್ನ ಮಾತು ಕೇಳುತ್ತಾರೆ. ಅತ್ತೆ ಮಾತ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ ನೋಡಿ.

ಅತ್ತೆ ಅಂದರೆ ನನ್ನಪ್ಪನ ಅಕ್ಕ. ಹೊಲಿಗೆ ಅವಳ ಕಸುಬು, ಚುಚ್ಚುವುದು ನಾಲಗೆಯ ಗುಣ. ಎರಡೂ ಸೇರಿ ಸೂಜಿ ಎಂಬ ಹೆಸರು ತಾನಾಗಿ ಬಂತು. ಚಿಕ್ಕ ವಯಸ್ಸಿನಲ್ಲೇ ಅಮ್ಮನನ್ನು ಕಳೆದುಕೊಂಡು, ನನ್ನಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆಗ ಅವಳು ಒಂದು ಸಿದ್ಧ ಉಡುಪಿನ ಅಂಗಡಿಯ ಹಿಂಬದಿಯಲ್ಲಿ, ಕಿಟಕಿಯಿಲ್ಲದ ಗೂಡಿನಲ್ಲಿ ಕೂತು ಗುಂಡಿ ಹಾಕುತ್ತಿದ್ದಳಂತೆ. ತಲೆಯ ಮೇಲೊಂದು ಮಂಕು ಬಲ್ಬು, ಕಪ್ಪು ಕೋಟಿಗೆ ಕಪ್ಪು ದಾರ. "ಕತ್ತಲಲ್ಲಿ ಕಪ್ಪು ಹೊಲಿಯೋದು ದೇವರಿಗೂ ಆಗಲ್ಲ ಕಣೇ, ನನ್ನ ಕೈಲಿ ಮಾಡಿಸಿದ್ರು" ಅಂತ ಈಗಲೂ ಹಲ್ಲು ಕಡಿಯುತ್ತಾಳೆ. ಮದುವೆಯಾಯಿತು, ಗಂಡ ಬೇಗ ತೀರಿಕೊಂಡ. ಸ್ವಂತ ಹೊಲಿಗೆ ಶುರು ಮಾಡುವಾಗ ಅವಳು ಮನೆ ಹುಡುಕಲಿಲ್ಲ, ಬೆಳಕು ಹುಡುಕಿದಳು. ಈ ಮನೆಯ ಮಹಡಿ ಕೋಣೆಗೆ ಗೋಡೆಯಗಲ ಕಿಟಕಿ. ಅದನ್ನು ನೋಡಿದ್ದೇ, ಕೆಳಗಿನ ಕೋಣೆಗಳು ಹೇಗಿವೆ ಅಂತಲೂ ಕೇಳದೆ ಹೂಂ ಅಂದುಬಿಟ್ಟಳಂತೆ.

ಆ ಕೋಣೆಯ ನಡುವೆ ಒಂದು ಮೇಜು ಇದೆ. ಬಟ್ಟೆ ಹರಡಿ ಕತ್ತರಿಸುವ ಮೇಜು, ದೊಡ್ಡ ಪರದೆಯೊಂದನ್ನು ಮಡಿಸದೆ ಹಾಸಬಹುದಾದಷ್ಟು ಉದ್ದ. ಅದನ್ನು ಮಾಡಿದವನು ನನ್ನಪ್ಪ. ಆಗ ತಾನೇ ಬಡಗಿ ಕೆಲಸ ಕಲಿತು ಹೊರಬಿದ್ದಿದ್ದ. ಬೇರೆಯವರ ಕೈಕೆಳಗೆ ಅಲ್ಲದೆ ತಾನೇ ಸ್ವತಃ ಮಾಡಿದ ಮೊದಲ ಸಾಮಾನು ಅದು. ಅಕ್ಕನಿಗೆ ಅಂತ ಉಮೇದಿನಲ್ಲಿ ಕೋಣೆಯೊಳಗೇ ಕೂತು ಮಾಡಿದ. ಮುಗಿದ ಮೇಲೆ ನೋಡಿದರೆ, ಅದು ಯಾವ ಬಾಗಿಲಲ್ಲೂ ಹಿಡಿಯುವುದಿಲ್ಲ! "ನನ್ನ ತಮ್ಮ ಮೇಜು ಮಾಡಲಿಲ್ಲ, ನನ್ನನ್ನ ಇಲ್ಲಿ ಕಟ್ಟಿ ಹಾಕಿದ" ಅಂತ ಅತ್ತೆ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅಪ್ಪ ಭಾನುವಾರ ಭಾನುವಾರ ಮಧ್ಯಾಹ್ನ ಅಕ್ಕನನ್ನು ನೋಡಲು ಹೋಗುತ್ತಿದ್ದ. ನೋಡಲು ಅಂದೆ, ಆದರೆ ನೋಡುತ್ತಿದ್ದದ್ದೇನು? ಮೆಟ್ಟಿಲ ಬುಡದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುವನು. ಮೆಟ್ಟಿಲು ಅರ್ಧಕ್ಕೆ ತಿರುಗುವುದರಿಂದ ಅಲ್ಲಿಂದ ಮೇಲಿನದೇನೂ ಕಾಣಿಸದು.

"ಅಕ್ಕಾ!"

"ಏನೋ?"

"ಹೇಗಿದ್ದೀಯೇ?"

"ಇದ್ದ ಹಾಗೇ ಇದ್ದೀನಿ. ನೀನು?"

"ನಾನೂ ಹಾಗೇ."

ಹೀಗೆ ಕೂಗಾಡಿಕೊಂಡೇ ಒಂದು ಮಧ್ಯಾಹ್ನ ಕಳೆಯುವರು. ಚಹಾ ಮಾಡಿ ಕೆಳಗೊಂದು ಲೋಟ, ಮೇಲೊಂದು ಲೋಟ ಹಂಚುವುದು ನನ್ನ ಪಾಲಿಗೆ. ಅತ್ತೆ ಕೆಲಸ ಬಿಟ್ಟು ಇಳಿಯಳು, ಅಪ್ಪ ಕುರ್ಚಿ ಬಿಟ್ಟು ಏಳ. ಒಬ್ಬಳಿಗೆ ಜಂಬ, ಇನ್ನೊಬ್ಬನಿಗೆ ಸೋಮಾರಿತನ ಅಂತ ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಹೀಗಿರುವಾಗ ಅತ್ತೆಯ ಮೊಣಕಾಲು ಇನ್ನಷ್ಟು ಊದಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನಾನು ಬಂದಾಗ, ಅವಳು ಆಗಲೇ ಕೆಳಗಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ಕಾಯುತ್ತಿದ್ದಳು. ಮೆಟ್ಟಿಲು ಆದಷ್ಟು ಕಡಿಮೆ ಮಾಡಿ ಅಂದರು ಡಾಕ್ಟರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಮೆಟ್ಟಿಲ ಬುಡದಿಂದ ತೀರ್ಪು ಕೊಟ್ಟ.

"ಅಕ್ಕಾ, ಸಾಕು. ಮಿಷನ್ನು ಮುಂದಿನ ಕೋಣೆಗೆ ಇಳಿಸ್ತೀನಿ. ಇನ್ನು ಮಹಡಿ ಬೇಡ."

"ಆ ಕೋಣೆಗೆ ಎದುರು ಮನೆ ಗೋಡೆ ಅಡ್ಡ ಕಣೋ. ಹಗಲು ಹೊತ್ತಲ್ಲೇ ಲೈಟ್ ಹಾಕ್ಬೇಕು."

"ಹಾಕಿದ್ರಾಯ್ತು."

"ಮೇಜು?"

ಅಪ್ಪ ಲೋಟ ಕೆಳಗಿಟ್ಟ. "ಎರಡು ತುಂಡು ಮಾಡಿ ಇಳಿಸೋದು" ಅಂದ.

ಚಹಾದ ಲೋಟ ತರಲು ಮೇಲೆ ಹೋದ ನಾನು ನೋಡಿದೆ, ಅತ್ತೆ ಮೇಜಿನ ಮೇಲೆ ಎರಡೂ ಅಂಗೈ ಊರಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. "ಮತ್ತೆ ಆ ಬಲ್ಬಿನ ಕೆಳಗೆ ಕೂರಿಸ್ತಾನಂತೆ ನನ್ನ" ಅಂದಳು. ಚುಚ್ಚುವ ದನಿ ಅಲ್ಲವೇ ಅಲ್ಲ. ನಾನು ಕೆಳಗೆ ಬಂದು, ಏನಾದರೂ ಉಪಾಯ ಹುಡುಕುತ್ತೇನೆ, ಅಲ್ಲಿಯವರೆಗೆ ಗರಗಸ ಮುಟ್ಟಬೇಡ ಅಂತ ಅಪ್ಪನಿಂದ ಮಾತು ತೆಗೆದುಕೊಂಡೆ.

ಮೊದಲು ಕರೆಂಟು ಕುರ್ಚಿ. ನಮ್ಮ ಅಂಗಡಿಯ ಫಿಟ್ಟರ್ ಬಂದು ಅಳೆದು ತಲೆ ಕೆರೆದುಕೊಂಡ. ಮೆಟ್ಟಿಲ ಬುಡಕ್ಕೇ ಅಡುಗೆಮನೆ ಬಾಗಿಲು, ಕಂಬಿ ಅದಕ್ಕೆ ಅಡ್ಡ ಬರುತ್ತದೆ. ನಡುವೆ ತಿರುವು ಬೇರೆ. ಹೇಗೋ ಕೂರಿಸಿದರೂ ಉಳಿದವರು ಹತ್ತಲು ಜಾಗ ಸಾಲದು. "ನನ್ನ ಗಿರಾಕಿಗಳೇನು ಹಲ್ಲಿಗಳಾ, ಗೋಡೆ ಹತ್ತಿ ಬರೋಕೆ?" ಅಂದಳು ಅತ್ತೆ. "ಅದೂ ಅಲ್ಲದೆ ನಾನು ಕುರ್ಚಿ ಮೇಲೆ ಕೂತು ಮೆರವಣಿಗೆ ಹೊರಟರೆ ಬ್ಯಾಂಡ್ ಬಾರಿಸೋರು ಯಾರು, ನೀನಾ?" ಆಮೇಲೆ ಬುಡದಲ್ಲಿ ಅರ್ಧ ಮೆಟ್ಟಿಲಿನಷ್ಟು ಎತ್ತರದ ಪುಟ್ಟ ಹಲಗೆ ಇರುವ ಊರುಗೋಲು ತಂದುಕೊಟ್ಟೆ. ಒಂದೊಂದು ಮೆಟ್ಟಿಲನ್ನೂ ಎರಡು ಮಾಡಿ ಹತ್ತಬಹುದು ಅಂತ ವಿವರಿಸಿದೆ. ಮಾರನೆಯ ದಿನ ಅದು ಕಿಟಕಿಯ ಪರದೆ ತಳ್ಳುವ ಕೋಲಾಗಿತ್ತು.

ಕೊನೆಗೆ ಉಳಿದದ್ದು ಗೋಡೆಗೆ ಮರದ ಹಿಡಿಕಂಬಿ. ಒಂದು ಕಡೆ ಹಳೆಯದಿತ್ತು, ಇನ್ನೊಂದು ಕಡೆಗೂ ಹಾಕಿದರೆ ಎರಡೂ ಕೈ ಆಸರೆ. ಅಪ್ಪನೇ ಕೆತ್ತಿ, ಉಜ್ಜಿ, ನುಣ್ಣಗೆ ಮಾಡಿ ತಂದ. ಆದರೆ ಕೂರಿಸುವಾಗ ನೋಡಬೇಕಿತ್ತು ಚಂದ! ಕೆಳಗಿನ ಎರಡು ತಿರುಪನ್ನು ತಾನು ಬಿಗಿದ, ಉಳಿದದ್ದನ್ನೆಲ್ಲ ನನ್ನ ಕೈಯಲ್ಲಿ ಮಾಡಿಸಿದ. "ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ತಲೆ! ಸೊಂಟದ ಎತ್ತರಕ್ಕೆ ಹಿಡಿಯೇ" ಅಂತ ಬುಡದಲ್ಲಿ ನಿಂತು ಅರಚಾಟ. "ನೀನೇ ಬಂದು ಹಿಡಿ" ಅಂದರೆ, "ದೂರದಿಂದ ನೋಡಿದರೇ ಓರೆ ಗೊತ್ತಾಗೋದು" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೆರಳಿಗೆ ಬೊಬ್ಬೆ ಬಂದದ್ದು ನನಗೆ.

ಮುಂದಿನ ವಾರ ಹೋಗಿ ಆ ಕಂಬಿಯ ಮೇಲೆ ಬೆರಳಾಡಿಸಿದೆ. ಧೂಳು! ಒಂದೇ ಒಂದು ಕೈಗುರುತಿಲ್ಲ. ಹಳೆಯ ಕಂಬಿಯ ಮೇಲೂ ಅಷ್ಟೇ. ಹಾಗಾದರೆ ಈ ಹೆಂಗಸು ಏನು ಹಿಡಿದು ಹತ್ತುತ್ತಾಳೆ? ಅಲ್ಲೇ ಕೂತು ಮೆಟ್ಟಿಲುಗಳನ್ನು ದಿಟ್ಟಿಸಿದೆ. ಮೂಲೆಗಳಲ್ಲಿ ಕಸ ಕೂತಿದೆ, ನಡುವೆ ಮಾತ್ರ ಪ್ರತಿ ಮೆಟ್ಟಿಲೂ ಮಿರಮಿರ ಮಿಂಚುತ್ತಿದೆ. ಮೊಣಕಾಲು ಮಡಿಸಲಾರದವಳು ಕೂತು ಮೆಟ್ಟಿಲು ಒರೆಸುತ್ತಾಳೆಯೇ? ಒರೆಸಿದರೆ ಮೂಲೆ ಬಿಡುವವಳಲ್ಲ ನಮ್ಮ ಅತ್ತೆ. ಯೋಚಿಸುತ್ತ ಹಿಂದಿನ ಅಂಗಳಕ್ಕೆ ಹೋದರೆ, ಹಗ್ಗದ ಮೇಲೆ ಅವಳ ಲಂಗಗಳು ಒಳಮೈ ಹೊರಗಾಗಿ ಒಣಗುತ್ತಿದ್ದವು. ಪ್ರತಿಯೊಂದರ ಹಿಂಭಾಗಕ್ಕೂ ಒಳಗಿನಿಂದ ದಪ್ಪ ಬಟ್ಟೆಯ ಅಸ್ತರು, ಒತ್ತೊತ್ತಾಗಿ ಹೊಲಿಗೆ ಹಾಕಿದ್ದು. ಕೂರುವ ಜಾಗಕ್ಕೆ ಸರಿಯಾಗಿ. ಇದೇನಪ್ಪಾ ಇದು ಅಂದುಕೊಂಡೆ.

ಆ ದಿನ ಕಪ್ಪು ದಾರ ತರಲು ಅಟ್ಟಿದಾಗ ಹೋದ ಹಾಗೆ ಮಾಡಿ, ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮೆಲ್ಲನೆ ಬಾಗಿಲು ತಳ್ಳಿದೆ.

ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಬೆನ್ನು ಮಹಡಿಯ ಕಡೆ, ಮುಖ ನನ್ನ ಕಡೆ. ಪಕ್ಕದಲ್ಲಿದ್ದ ಬಟ್ಟೆಯ ಗಂಟನ್ನು ಎತ್ತಿ ಹಿಂದಿನ ಮೆಟ್ಟಿಲ ಮೇಲಿಟ್ಟಳು, ಎರಡೂ ಕೈ ಹಿಂದೆ ಊರಿದಳು, ಪಾದ ಒತ್ತಿದಳು, ಹುಪ್ ಅಂತ ಒಂದು ಮೆಟ್ಟಿಲು ಮೇಲೆ ಹೋಗಿ ಕೂತಳು. ಮತ್ತೆ ಗಂಟು, ಮತ್ತೆ ಕೈ, ಮತ್ತೆ ಹುಪ್. ನನ್ನನ್ನು ನೋಡಿದವಳೇ ಕಲ್ಲಾಗಿಬಿಟ್ಟಳು. ಮುಖ ಕೆಂಪಾಯಿತು.

"ದಾರ ಎಲ್ಲಿ?" ಅಂದಳು.

"ಅತ್ತೆ, ನಿನ್ನ ಮನೇಲಿ ಇರೋ ದಾರಕ್ಕೆ ಊರನ್ನೇ ಸುತ್ತಬಹುದು. ಎಷ್ಟು ದಿನದಿಂದ ಹೀಗೆ?"

"ಬಿದ್ದಾಗಿಂದ." ಒಮ್ಮೆ ತಿರುವಿನಲ್ಲಿ ಬಿದ್ದಿದ್ದಳಂತೆ, ಯಾರಿಗೂ ಹೇಳಿರಲಿಲ್ಲ. "ಕೂತವರು ಬೀಳಲ್ಲ ಕಣೇ. ನಿಂತವರು ತಾನೇ ಬೀಳೋದು?"

ಬೈಯಲು ಬಾಯಿ ತೆರೆದವಳು ಮುಚ್ಚಿದೆ, ಯಾಕೆಂದರೆ ಮಾತು ಸರಿಯಾಗಿತ್ತು. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ಎಲ್ಲರ ಮೆಟ್ಟಿಲು ಅಳೆದಿದ್ದೇನೆ. ನೀವು ಹೇಗೆ ಹತ್ತುತ್ತೀರಿ, ಒಂದು ಸಲ ತೋರಿಸಿ ಅಂತ ಒಬ್ಬರನ್ನೂ ಕೇಳಿದವಳಲ್ಲ. ಕುತೂಹಲ ತಡೆಯಲಾಗದೆ ಅವಳ ಎದುರಿಗೇ ಕೂತು ಒಂದೊಂದಾಗಿ ಕೇಳಿದೆ. ಯಾವುದು ಕಷ್ಟ? ಹತ್ತುವುದೇನೂ ಕಷ್ಟವಲ್ಲವಂತೆ. ಇಳಿಯುವುದು ಇನ್ನೂ ಸಲೀಸಂತೆ. ಹಿಡಿಯಲು ಏನೂ ಸಿಗುವುದಿಲ್ಲ, ಕಂಬಿಗಳೆಲ್ಲ ಆಕಾಶದಲ್ಲಿವೆ ಅಂದಳು. ಎಲ್ಲಕ್ಕಿಂತ ಕಷ್ಟ ಮೇಲೆ ತಲುಪಿದ ಮೇಲೆ ಎದ್ದು ನಿಲ್ಲುವುದು. ನೆಲದ ಮೇಲೆ ತೆವಳಿಕೊಂಡು ಕೋಣೆಗೆ ಹೋಗಿ, ಮೇಜಿನ ಕಾಲನ್ನು ತಬ್ಬಿ, ಹೇಗೋ ಏಳುತ್ತಾಳೆ. ಅವಳ ಮೊಣಕೈಯಲ್ಲಿ ಸದಾ ಇರುತ್ತಿದ್ದ ಕಪ್ಪು ಕಲೆಗಳ ಗುಟ್ಟು ಆಗ ತಿಳಿಯಿತು.

"ಹಾಗಾದ್ರೆ ಬಲು ಸುಲಭ" ಅಂದೆ. "ಕಂಬೀನ ಕೆಳಗಿಳಿಸೋಣ, ಕೂತವರ ಕೈಗೆ ಸಿಗೋ ಹಾಗೆ. ಮೇಲ್ಗಡೆ ಎರಡು ಗಟ್ಟಿ ಮಣೆ ಹಾಕಿಸೋಣ, ಒಂದು ಗಿಡ್ಡ, ಒಂದು ಎತ್ತರ. ನೆಲದಿಂದ ಇದಕ್ಕೆ, ಇದರಿಂದ ಅದಕ್ಕೆ, ಆಮೇಲೆ ನಿಂತ್ಕೋ. ಅಪ್ಪ ಒಂದು ದಿನದಲ್ಲಿ ಮಾಡಿಕೊಡ್ತಾನೆ."

"ನಿಮ್ಮಪ್ಪನಿಗೆ ಹೇಳಿದ್ಯೋ, ಈ ಮನೆ ಹೊಸಿಲು ತುಳೀಬೇಡ." ಬಟ್ಟೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು. "ಅವನನ್ನ ಎತ್ತಿ ಆಡಿಸಿದವಳು ನಾನು. ಈಗ ಕೂಸಿನ ಹಾಗೆ ಅಂಡು ತೆವಳ್ತೀನಿ ಅಂತ ಅವನು ನೋಡಬೇಕಾ? ಮರುಕ್ಷಣ ಕೆಳಗೆ ಎಳ್ಕೊಂಡು ಹೋಗ್ತಾನೆ."

ಅತ್ತ ದರಿ, ಇತ್ತ ಪುಲಿ. ಹೇಳದಿದ್ದರೆ ಮೇಜು ಉಳಿಯದು, ಹೇಳಿದರೆ ಅತ್ತೆಯ ಮಾನ ಉಳಿಯದು. ನನ್ನ ಬಾಯಿಗೆ ಬೀಗ ಬಿದ್ದದ್ದು ಜೀವಮಾನದಲ್ಲಿ ಅದೇ ಮೊದಲು.

ಅಪ್ಪನ ತಾಳ್ಮೆಯೂ ಮುಗಿಯಿತು. ಭಾನುವಾರ ಬಂದವನ ಕಂಕುಳಲ್ಲಿ ಚೀಲ, ಚೀಲದಿಂದ ಹೊರಗೆ ಇಣುಕುತ್ತಿದ್ದ ಗರಗಸ. ಎಂದಿನ ಕುರ್ಚಿಯಲ್ಲಿ ಕೂತ. ಗರಗಸ ತೆಗೆದು ನನ್ನ ಕಡೆ ಚಾಚಿದ.

"ತಗೋ. ಮೇಜಿನ ಕೆಳಗೆ ನಡುಮಧ್ಯೆ ಅಡ್ಡಪಟ್ಟಿ ಇದೆ. ಅದರ ಪಕ್ಕಕ್ಕೇ ಕೊಯ್ತಾ ಹೋಗು. ನಾನು ಇಲ್ಲಿಂದ ಹೇಳ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. "ಅಪ್ಪಾ, ನೀನು ಮಾಡಿದ ಮೊದಲನೇ ಮೇಜು. ಅದನ್ನ ಕೊಯ್ಯೋದಕ್ಕೂ ಕುರ್ಚಿ ಬಿಟ್ಟು ಏಳಲ್ವಾ ನೀನು? ಧೈರ್ಯ ಇದ್ರೆ ನೀನೇ ಹತ್ತಿ ಬಂದು ಕೊಯ್ಯಿ!"

ಗರಗಸ ಹಿಡಿದ ಅಪ್ಪನ ಕೈ ಚಾಚಿದಂತೇ ಇತ್ತು. ಆಗ ಮೇಲಿನಿಂದ ಸದ್ದು ಬಂತು. ಧೊಪ್. ಸ್ವಲ್ಪ ತಡೆದು, ಧೊಪ್. ಮೆಟ್ಟಿಲ ತಿರುವಿನಲ್ಲಿ ಮೊದಲು ಅತ್ತೆಯ ಎರಡು ಪಾದ ಕಾಣಿಸಿದವು, ಆಮೇಲೆ ಮಡಿಲಿಗೆ ಸಿಕ್ಕಿಸಿದ ಲಂಗ, ಆಮೇಲೆ ಮುಖ. ತಲೆ ಎತ್ತಿಕೊಂಡೇ ಒಂದೊಂದು ಮೆಟ್ಟಿಲೂ ಕೂತು ಇಳಿದಳು. ಅಪ್ಪನ ಎದುರಿಗೆ ಬಂದು ನಿಂತಿತು ಆ ಸವಾರಿ.

"ನೋಡಿದ್ಯಾ? ನಿನ್ನ ಅಕ್ಕ ಹತ್ತೋದು ಹೀಗೆ, ಇಳಿಯೋದು ಹೀಗೆ" ಅಂದಳು. ಕಣ್ಣು ತುಂಬಿದ್ದವು. "ನಗೋದಾದ್ರೆ ನಕ್ಕುಬಿಡು. ಮೇಜು ಮಾತ್ರ ಮುಟ್ಟಬೇಡ ಕಣೋ."

ಅಪ್ಪ ನಗಲಿಲ್ಲ. ಬಡಗಿ ಮರವನ್ನು ನೋಡುವಂತೆ ಅವಳ ಕೈಗಳನ್ನೂ ಮೆಟ್ಟಿಲನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಹತ್ತುವಾಗ ಮೊದಲು ಕೈಯಾ, ಕಾಲಾ?"

"ಕೈ."

"ಮೊಣಕಾಲು ಪೂರ್ತಿ ಮಡಿಸಬೇಕಾ?"

"ಬೇಡ. ನಿನಗ್ಯಾಕೋ ಅದೆಲ್ಲ?"

ಅಪ್ಪ ಗರಗಸವನ್ನು ನೆಲದ ಮೇಲಿಟ್ಟ. ಕುರ್ಚಿಯ ತೋಳು ಹಿಡಿದು ಎದ್ದು, ನರಳುತ್ತ, ಅಕ್ಕನ ಪಕ್ಕ ಮೆಟ್ಟಿಲಿನಲ್ಲಿ ಕೂತ. "ನನಗೂ ಆಗಲ್ಲ ಅಕ್ಕಾ" ಅಂದ. "ಎಷ್ಟೋ ವರ್ಷ ಆಯ್ತು. ನೀನು ಇಳಿಯಲ್ಲ, ನಾನು ಹತ್ತಲಾರೆ. ಭಾನುವಾರ ಭಾನುವಾರ ಬಂದು ಈ ಗೋಡೆ ಜೊತೆ ಮಾತಾಡಿ ಹೋಗ್ತೀನಿ. ಕೆಳಗೆ ಬಂದರೆ ನಿನ್ನ ಮುಖ ಆದ್ರೂ ನೋಡಬಹುದು ಅಂತ..."

ಊರವರ ಮೊಣಕಾಲಿನ ಲೆಕ್ಕವೆಲ್ಲ ನನ್ನ ನಾಲಗೆ ತುದಿಯಲ್ಲಿ, ಒಂದೇ ಮನೆಯಲ್ಲಿರುವ ಅಪ್ಪನ ಮೊಣಕಾಲು ನನಗೆ ಗೊತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ.

ಅತ್ತೆ ಕಣ್ಣೊರೆಸಿಕೊಂಡಳು. ಸೂಜಿ ಮತ್ತೆ ಚೂಪಾಯಿತು. "ಹಾಗಾದ್ರೆ ಅಳ್ತಾ ಕೂರಬೇಡ. ತಿರುಗು. ಬೆನ್ನು ಮೇಲಕ್ಕೆ. ನಾನು ಮುಂದೆ, ನೀನು ಹಿಂದೆ. ಕೈ ಊರು, ಕಾಲು ಒತ್ತು. ಹುಪ್!"

"ನಿಧಾನ ಕಣೇ!"

"ನಿನಗೆ ನಡೆಯೋದು ಕಲಿಸಿದವಳು ನಾನೇ. ಆಗಲೂ ಹೀಗೇ ಕೂಗ್ತಿದ್ದೆ. ಹುಪ್!"

ಇಬ್ಬರೂ ನನ್ನ ಕಡೆ ಮುಖ ಮಾಡಿಕೊಂಡು, ಒಬ್ಬರ ಮೇಲಿನ ಮೆಟ್ಟಿಲಲ್ಲಿ ಇನ್ನೊಬ್ಬರು ಕೂತು, ಏದುಸಿರು ಬಿಡುತ್ತ, ಬೈದಾಡುತ್ತ ಮಹಡಿ ಏರಿದರು. ನಾನು ನಗು ತಡೆಯುತ್ತ ಅವರ ಕಾಲ ಬಳಿಯೇ ಹತ್ತಿ ಹೋದೆ. ಮೇಲೆ ತಲುಪಿದ ಮೇಲೆ ಒಂದು ಪೆಟ್ಟಿಗೆ ಮಗುಚಿ ಹಾಕಿ, ಒಬ್ಬೊಬ್ಬರನ್ನೇ ಅದರ ಮೇಲೆ ಕೂರಿಸಿ, ಎಬ್ಬಿಸಿ ನಿಲ್ಲಿಸಿದೆ. ಇದರ ಬದಲು ಒಂದು ಗಿಡ್ಡ, ಒಂದು ಎತ್ತರ ಮಣೆ ಬೇಕು ಅಂತ ಅಪ್ಪನಿಗೆ ಹೇಳಿದೆ.

ಅಪ್ಪ ಬಾಗಿಲಲ್ಲೇ ನಿಂತ. ಕಿಟಕಿಯ ಬೆಳಕು ಮೇಜಿನುದ್ದಕ್ಕೂ ಹರಡಿತ್ತು. ಮೆಲ್ಲನೆ ಹತ್ತಿರ ಹೋಗಿ ಅಂಚಿನ ಮೇಲೆ ಅಂಗೈ ಇಟ್ಟು ಸವರಿದ. ಸ್ವಲ್ಪ ಒತ್ತಿದ. ಮೇಜು ಒಂದು ಮೂಲೆಯಲ್ಲಿ ಸಣ್ಣಗೆ ಅಲುಗಿತು. ಬಗ್ಗಿ ನೋಡಿದರೆ, ಒಂದು ಕಾಲಿನ ಕೆಳಗೆ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ, ಜಾರದಂತೆ ಹೊಲಿಗೆ ಹಾಕಿ ಕೂರಿಸಿತ್ತು. ಬಟ್ಟೆ ಹಳತಾಗಿ ಬಣ್ಣ ಹೋಗಿತ್ತು.

"ಕಾಲು ಕೂತುಹೋಗಿದೆ. ಎಷ್ಟು ದಿನದಿಂದ?"

"ಬಹಳ ದಿನದಿಂದ."

"ಮಾಡಿದವನು ನಾನು ಬದುಕಿದ್ದೀನಲ್ಲೇ! ಒಂದು ಮಾತು ಹೇಳೋದಕ್ಕೇನಾಗಿತ್ತು?"

ಅತ್ತೆ ಮೇಜಿನ ಮೇಲಿನ ದಾರದ ಚೂರುಗಳನ್ನು ಗುಡಿಸಿ ಅಂಗೈಗೆ ಹಾಕಿಕೊಂಡಳು. "ನಿನ್ನ ಪ್ಯಾಂಟುಗಳೆಲ್ಲ ರಿಪೇರಿಗೆ ಬರೋದು ನನ್ನ ಹತ್ತಿರಾನೇ ಅಲ್ವೇನೋ? ತೊಡೆ ಮೇಲೆ ಕೈ ಊರಿ ಊರಿ ಏಳ್ತೀಯ, ಬಟ್ಟೆ ಅಲ್ಲೇ ಸವೆದಿರುತ್ತೆ. ಮೇಜು ಅಲ್ಲಾಡ್ತಿದೆ ಅಂದಿದ್ರೆ ನೀನು ಹತ್ತಿ ಬರಬೇಕಾಗ್ತಿತ್ತು."

ಅಪ್ಪ ಬಗ್ಗಿ ಆ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದ. ಆಮೇಲೆ ನನ್ನ ಕಡೆ ತಿರುಗಿ, ಕೆಳಗೆ ಬಿಟ್ಟು ಬಂದ ಗರಗಸವನ್ನು ತಂದುಕೊಡು ಅಂದ. ಮಣೆಗಳಿಗೆ ಮರ ಕೊಯ್ಯಬೇಕಿತ್ತು. ನಾನು ಇಳಿದು ಹೋಗಿ ತಂದುಕೊಟ್ಟೆ.